ಎಡಗಡೆ ಆರು ಕಲ್ಲು

ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ತಮ್ಮನ್ನ ಅವನ ಹೆಂಡ್ತೀನೇ ಕೊಂದಿದಾಳೆ. ಬರ್ಕೊಳ್ಳಿ."

"ಹೇಗೆ ಕೊಂದ್ರು?" ಎಂದರು ಇನ್ಸ್‌ಪೆಕ್ಟರ್.

"ಮೀನಿಂದ."

ಹೆಡ್ ಕಾನ್‌ಸ್ಟೆಬಲ್ ಪೆನ್ನು ನಿಲ್ಲಿಸಿದರು. ಠಾಣೆಯಲ್ಲಿ ಎಲ್ಲರಿಗೂ ಅವರು 'ಮೀಸೆ'. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಮಚ್ಚು, ಹಗ್ಗ, ಇಲಿಪಾಷಾಣ ಎಲ್ಲವನ್ನೂ ಬರೆದಿದ್ದರು. ಆಯುಧದ ಜಾಗದಲ್ಲಿ ಮೀನು ಬರೆಯುವ ಯೋಗ ಈಗ ಬಂದಿತ್ತು.

ದೂರಿನ ಸಾರಾಂಶ ಇಷ್ಟು. ತಮ್ಮನಿಗೆ ನಲವತ್ತೊಂದು ವರ್ಷ. ನಾಯಿ, ಬೆಕ್ಕು ಸಾಲದೆ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಸ್ಟೋನ್ ಫಿಶ್ ಸಾಕಿದ್ದ. ನೋಡಲು ಥೇಟ್ ಕಲ್ಲು, ಬೆನ್ನಿನ ಮುಳ್ಳುಗಳಲ್ಲಿ ವಿಷ. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ತೊಟ್ಟಿ ಶುಚಿ ಮಾಡುವಾಗ ಅದು ಚುಚ್ಚಿತು. ಆಸ್ಪತ್ರೆ ಸೇರುವಷ್ಟರಲ್ಲಿ ಪ್ರಾಣ ಹೋಗಿತ್ತು, ಸೋಮವಾರ ಮರಣೋತ್ತರ ಪರೀಕ್ಷೆಯೂ ಮುಗಿದಿತ್ತು. ಹಿಂದಿನ ದಿನ ಅದೇ ಮೀನಿನ ವಿಷಯಕ್ಕೆ ಗಂಡ ಹೆಂಡತಿ ಜಗಳವಾಡಿದ್ದರು. 'ಆ ಮೀನಿರ್ಬೇಕು, ಇಲ್ಲ ನಾನಿರ್ಬೇಕು' ಎಂದು ಹೆಂಡತಿ ಕೂಗಿದ್ದು ಫೋನಿನಲ್ಲಿ ಅಕ್ಕನ ಕಿವಿಗೇ ಬಿದ್ದಿತ್ತು.

"ಎಂಟು ವರ್ಷದಿಂದ ಸಾಕ್ತಿದ್ದ ಸಾರ್. ಒಂದು ಸಲಾನೂ ಚುಚ್ಚಿಸಿಕೊಂಡೋನಲ್ಲ."

ಈ ಮಾತು ಇನ್ಸ್‌ಪೆಕ್ಟರ್ ತಲೆಯಲ್ಲಿ ಕೂತಿತು. ಎಫ್‌ಐಆರ್ ದಾಖಲಾಯಿತು.

ಹನ್ನೆರಡೂಕಾಲಕ್ಕೆ ಮನೆಯ ಪಂಚನಾಮೆ. ಅಕ್ಕನೂ ಜೊತೆಗೆ ಬಂದಿದ್ದರು. ಮನೆಯಲ್ಲಿ ಇದ್ದವರು ಮೃತನ ಹೆಂಡತಿ, ಐದು ವರ್ಷದ ಮಗಳು, ವಯಸ್ಸಾದ ತಾಯಿ. ಪಂಚರಲ್ಲಿ ಒಬ್ಬರು ಮೃತನಿಗೆ ಪರಿಚಯದ ಸಾಕುಮೀನಿನ ಅಂಗಡಿಯವರು. ತೊಟ್ಟಿಯ ಬಲಕ್ಕೆ ಮೀನು ಅಡಗುವ ಗುಹೆ, ಎಡಕ್ಕೆ ಮರಳು ಮತ್ತು ಕಲ್ಲುಗಳು, ನಡುವೆ ಇಳಿಸಲು ಒಂದು ಗಾಜಿನ ಹಲಗೆ. ಮೇಲೆ ಮೃತನ ಕೈಬರಹದ ಚೀಟಿ: 'ಎಡಗಡೆ ಆರು ಕಲ್ಲು. ಏಳು ಕಂಡರೆ ಕೈ ಹಾಕಬಾರದು.'

"ಏಳನೇದು ಮೀನು ಅಂತ ಲೆಕ್ಕ ಸಾರ್," ಎಂದರು ಅಂಗಡಿಯವರು. "ಆರೇ ಇದ್ರೆ ಮೀನು ಗುಹೇಲಿದೆ ಅಂತ ಹಲಗೆ ಇಳಿಸಿ ಎಡಗಡೆ ತೊಳೀತಿದ್ರು."

ಮೀಸೆ ಗಾಜಿಗೆ ಬೆರಳಿಟ್ಟು ಎಣಿಸಿದರು. "ಆರು. ಸರಿಯಾಗಿದೆ."

ಅಂಗಡಿಯವರು ಬಗ್ಗಿ ನೋಡಿದರು. "ನಿಮ್ಮ ಬೆರಳಿನ ಹತ್ರ ಇರೋದು ನೋಡಿ. ಅದಕ್ಕೆ ಬಾಯಿ ಇದೆ."

"ಅಯ್ಯಯ್ಯೋ!" ಮೀಸೆ ಗಾಜಿನಿಂದ ಮಾರುದೂರ ಹಾರಿದರು.

ಅಂದರೆ ಕಲ್ಲು ಐದೇ. ಒಂದನ್ನು ಯಾರೋ ತೆಗೆದಿದ್ದರು.

ಹೆಂಡತಿಯ ವಿಚಾರಣೆ ಅಡುಗೆಮನೆಯಲ್ಲಿ ನಡೆಯಿತು.

"ಜಗಳ ಆಡಿದ್ದು ನಿಜಾನಾ?"

"ನಿಜ."

"ತೊಟ್ಟಿ ಮುಟ್ಟಿದ್ರಾ?"

"ಇಲ್ಲ. ಅದರ ಹತ್ರ ಕೂಡ ಹೋಗಲ್ಲ ನಾನು."

"ಚುಚ್ಚಿದ ಮೇಲೆ?"

"ಕೈನ ಬಿಸಿನೀರಲ್ಲಿ ಇಟ್ವಿ. ಆ ವಿಷಕ್ಕೆ ಅದೇ ಮೊದಲನೇ ಮದ್ದು ಅಂತ ಅವರೇ ಹೇಳ್ತಿದ್ರು. ಅತ್ತೆ ಮೊದಲೇ ಒಂದು ಬಕೆಟ್ ಕಾಯಿಸಿಟ್ಟಿದ್ರು, ತಡ ಆಗ್ಲಿಲ್ಲ."

"ಪ್ರತಿ ಭಾನುವಾರ ಕಾಯಿಸಿಡ್ತಾರಾ?"

ಆಕೆ ಅತ್ತೆಯ ಕೋಣೆಯ ಕಡೆ ತಿರುಗಿ ನೋಡಿದಳು. "ಇಲ್ಲ... ಅವತ್ತೇ."

ಕಾಣೆಯಾದ ಕಲ್ಲು ಹುಡುಕುತ್ತ ಇನ್ಸ್‌ಪೆಕ್ಟರ್ ಬಾಲ್ಕನಿಗೆ ಹೋದರು. ಹನ್ನೊಂದು ಹೂವಿನ ಕುಂಡಗಳು, ಹತ್ತು ನಳನಳಿಸುತ್ತಿದ್ದವು. ಒಂದರ ಎಲೆಗಳ ಅಂಚು ಸುಟ್ಟಂತಾಗಿತ್ತು. ಮಣ್ಣು ಕೆದಕಿದರೆ ಮುಷ್ಟಿಗಾತ್ರದ ಕಲ್ಲು, ಮೈಯೆಲ್ಲ ಬಿಳಿ ಪುಡಿ. ಬೆರಳಿಗೆ ತಾಗಿಸಿ ನಾಲಿಗೆಗಿಟ್ಟರು. ಉಪ್ಪು.

"ಸಾಕ್ಷ್ಯ ತಿಂದ್ಬಿಡ್ಬೇಡಿ ಸಾರ್," ಎಂದು ಮೀಸೆ ಗೊಣಗಿದರು.

"ಈ ಕುಂಡಗಳನ್ನ ಯಾರು ನೋಡ್ಕೊಳ್ತಾರೆ?"

"ನಾನೇ." ಹಿಂದೆ ತಾಯಿ ನಿಂತಿದ್ದರು. "ಒಳಗೆ ಬನ್ನಪ್ಪ. ಕೂತು ಹೇಳ್ತೀನಿ. ಮಂಡಿ ನೋವು."

ಕೇಳುವ ಮೊದಲೇ ಹೇಳತೊಡಗಿದರು.

"ಶುಕ್ರವಾರ ಮೊಮ್ಮಗಳು ಸ್ಟೂಲ್ ಹತ್ತಿ, ಅಂಗಿ ತೋಳು ಮೇಲಕ್ಕೆ ಮಡಚ್ಕೊಂಡು ತೊಟ್ಟಿ ಹತ್ರ ನಿಂತಿದ್ಲು. 'ಅಜ್ಜೀ, ಆರೇ ಇದೆ, ಕೈ ಹಾಕ್ಲಾ?' ಅಂದ್ಲು. ಕೈ ಹಿಡಿದು ಕೆಳಗಿಳಿಸಿದೆ. ಮಗನಿಗೆ ಹೇಳಿದ್ರೆ ನಕ್ಕ. 'ಎಣಿಸೋಕೆ ಬಂತಲ್ಲಮ್ಮ, ಇನ್ನೇನು ಭಯ' ಅಂದ. ಮಾರನೇ ದಿನ ಸೊಸೆ ಅತ್ತು ಕರೆದು ಮಾಡಿದ್ಲು. ಅವನು ಜಗ್ಗಲಿಲ್ಲ."

"ಅದಕ್ಕೆ ಕಲ್ಲು ತೆಗೆದ್ರಿ."

"ಭಾನುವಾರ ಎದ್ದಾಗ ಮೀನು ಎಡಗಡೇನೇ ಇತ್ತು. ಊಟ ಹಾಕೋ ಉದ್ದ ಇಕ್ಕಳದಲ್ಲಿ ಒಂದು ಕಲ್ಲು ಎತ್ತಿದೆ. ಎಣಿಸಿದ್ರೂ ಚುಚ್ಚುತ್ತೆ ಅಂತ ಅವನಿಗೆ ಒಂದು ಸಲ ಗೊತ್ತಾಗ್ಲಿ ಅಂತ. ಬಿಸಿನೀರಿದ್ರೆ ಜೀವಕ್ಕೇನೂ ಆಗಲ್ಲ ಅಂತ ಅವನೇ ಹೇಳಿದ್ದ. ಕಾಯಿಸಿಟ್ಟಿದ್ದೆನಲ್ಲಪ್ಪ."

"ಅವರ ಹೃದಯ ಮೊದಲೇ ಕೆಟ್ಟಿತ್ತು. ಮರಣೋತ್ತರ ವರದಿಯಲ್ಲಿದೆ."

"ಅವನಿಗೇ ಗೊತ್ತಿರಲಿಲ್ಲ. ನನಗೆಲ್ಲಿ ಗೊತ್ತಾಗ್ಬೇಕು?" ಅವರು ಅಳಲಿಲ್ಲ. ಸೆರಗಿನಲ್ಲಿ ಕೈಯ ಮಣ್ಣು ಒರೆಸಿಕೊಂಡರು. "ಸೊಸೆ ಮೇಲೆ ದೂರು ಬಿದ್ದಿದೆ ಅಂತ ನೀವು ಬಂದ ಮೇಲೆ ತಿಳೀತು. ಅವಳು ಹೋದ್ರೆ ಮಗು ಯಾರ ಹತ್ರ ಇರುತ್ತೆ?"

ಬಾಗಿಲಲ್ಲಿ ನಿಂತಿದ್ದ ಅಕ್ಕ ಎಲ್ಲ ಕೇಳಿಸಿಕೊಂಡಿದ್ದರು. ಈಗ ಗೋಡೆ ಹಿಡಿದು ನೆಲಕ್ಕೆ ಕೂತರು. "ಸಾರ್, ದೂರು ವಾಪಸ್ ತಗೋಬಹುದಾ?"

ಮೀಸೆ ತಲೆ ಎತ್ತದೆ ಬರೆಯುತ್ತಲೇ ಇದ್ದರು.

ಮೂರು ಐವತ್ತಕ್ಕೆ, ಕೊಲೆಯಲ್ಲದ ನರಹತ್ಯೆಯ ಆರೋಪದ ಮೇಲೆ ತಾಯಿಯ ಬಂಧನವಾಯಿತು. ಜೀಪಿನ ಬಳಿ ಅವರು ನಿಂತುಬಿಟ್ಟರು.

"ಆ ಮೀನು?"

"ಜಪ್ತಿ ಮಾಡಿದೀವಮ್ಮ. ಸಂಜೆ ಅಂಗಡಿಯವರು ತಗೊಂಡು ಹೋಗ್ತಾರೆ."

"ಸಂಜೆ ಅಲ್ಲ, ಈಗ. ನನ್ನ ಕಣ್ಣೆದುರಿಗೆ."

ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು, ಅಂಗಡಿಯವರನ್ನು ಒಳಗೆ ಕಳಿಸಿದರು. ಇಪ್ಪತ್ತು ನಿಮಿಷ ಆಕೆ ಆ ಮಂಡಿ ನೋವಿನಲ್ಲೇ ಬಿಸಿಲಲ್ಲಿ ನಿಂತರು. ಬಕೆಟ್ ಹೊರಗೆ ಬಂದಾಗ ಮುಚ್ಚಳ ತೆಗೆಸಿ ಬಗ್ಗಿ ನೋಡಿದರು. ಅದು ಬಾಯಿ ತೆರೆಯುವವರೆಗೂ ನೋಡಿದರು. ಆಮೇಲೆ ಜೀಪು ಹತ್ತಿದರು.