ಕಸಿ ಗಂಟಿಲ್ಲದ ದೇವದಾರು

"ಇದರ ಬುಡದಾಗ ಕಸಿ ಗಂಟು ಎಲ್ಲೈತ್ರಿ? ತೋರಸ್ರಿ!"

ಲೋಹಿತ ಕುಂಡವನ್ನು ನೀಲಾಳ ಕಾಲ ಬಳಿ ಇಟ್ಟ. ಆರು ತಿಂಗಳು ಫೋನಿನಲ್ಲಷ್ಟೇ ಕೇಳಿದ್ದ ದನಿ, ದಿನವೂ ಅವಳು ಕಾಯುತ್ತಿದ್ದ ದನಿ... ಎದುರಿಗೆ ಬಂದದ್ದು ಹೀಗೆ!

ಸವಣೂರಿನ ಕಲ್ಯಾಣ ಮಂಟಪವೊಂದರ ತೋಟ ಬೆಳೆಸುವ ಗುತ್ತಿಗೆ ಹಿಡಿದಿದ್ದ ಅವನು ಅಲ್ಲಿಗೆ ಕೊಂಬೆ ಜೋತುಬೀಳುವ ದೇವದಾರು ತಳಿಯನ್ನು ಕೇಳಿದ್ದ. ತಿಳವಳ್ಳಿಯಲ್ಲಿ, ದೊಡ್ಡಪ್ಪನ ನರ್ಸರಿಯಲ್ಲಿ, ನೀಲಾ ಆ ಸಸಿಗಳನ್ನು ತಾನೇ ಕಸಿ ಕಟ್ಟಿ, ನೆರಳಲ್ಲಿಟ್ಟು ಬೆಳೆಸಿದ್ದಳು. ಆದರೆ ದೊಡ್ಡಪ್ಪ ಮಹಾಲಿಂಗಪ್ಪ ಅವನ್ನು ಬೇರೆಯವರಿಗೆ ಮಾರಿ, ಬೀಜದಿಂದ ಬೆಳೆದ ಸಾದಾ ಸಸಿಗಳಿಗೆ ಅದೇ ತಳಿಯ ಚೀಟಿ ಕಟ್ಟಿ ಕಳಿಸಿದ್ದ.

ಹೇಳಿಬಿಡಲೇ?

ನೀಲಾ ತಲೆಯೆತ್ತಿದಳು. ಲೋಹಿತನ ಬೆನ್ನ ಹಿಂದೆ ದೊಡ್ಡಪ್ಪ ನಿಂತಿದ್ದ. ಅವನ ಕಣ್ಣು ನರ್ಸರಿಯ ಹಿಂದಿನ ಕೋಣೆಯತ್ತ ಹೊರಳಿತು. ಅಪ್ಪ ತೀರಿದ ಮೇಲೆ ಅವಳಿಗೂ ಅವ್ವ ಸಿದ್ದವ್ವನಿಗೂ ಇದ್ದ ಸೂರು ಅದೊಂದೇ.

"ತಪ್ಪು... ನಂದ್ರಿ."

"ನಿಮ್ಮನ್ನ ಎಷ್ಟು ನಂಬಿದ್ದೆ ನಾನು!"

ಅವನು ತಿರುಗಿ ನೋಡದೆ ಹೋದ.

ಅಂದೇ ದೊಡ್ಡಪ್ಪ ಅವಳ ಫೋನು ಕಿತ್ತುಕೊಂಡ. ಗೇಟು ದಾಟುವಂತಿಲ್ಲ, ಗಿರಾಕಿಗಳೊಡನೆ ಮಾತಿಲ್ಲ. ಸಸಿಗಳ ನೆರಳಿಗೆ ಕಟ್ಟಿದ ಹಸಿರು ಪರದೆಯ ಕೆಳಗೆ ಅವಳಿಗೆ ಉಸಿರೇ ಸಾಲದು. ಇನ್ನೆಷ್ಟು ವರ್ಷ ಹೀಗೆ...?

ಹದಿನೈದು ದಿನದ ಮೇಲೆ ದೊಡ್ಡಪ್ಪ ಅದೇ ತಳಿಯ ಚೀಟಿಗಳ ಕಟ್ಟು ತಂದು ಎಸೆದ. "ಈ ಸಾದಾ ಸಸಿಗೂ ಕಟ್ಟು. ಇವು ಹಿರೇಕೆರೂರಿನ ಗಿರಾಕಿಗೆ ಹೋಗಬೇಕು."

ನೀಲಾಳ ಕೈ ಮುಂದಾಗಲಿಲ್ಲ. "ಕಟ್ಟೂದಿಲ್ಲ, ದೊಡ್ಡಪ್ಪ."

"ಹಂಗಾರ ಕೋಣಿ ಖಾಲಿ ಮಾಡ್ರಿ!"

ಅವ್ವನನ್ನು ಎಲ್ಲಿಗೆ ಕರೆದೊಯ್ಯಲಿ? ಆದರೆ ಸಿದ್ದವ್ವ ಆಗಲೇ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ನಿನ್ನ ಬಾಯಿ ಮುಚ್ಚಿಸಿ ಉಂಡ ರೊಟ್ಟಿ ನನ್ನ ಗಂಟಲಾಗ ಇಳಿಯವಲ್ದವ್ವ. ನಡಿ."

ಇಬ್ಬರೂ ಸವಣೂರಿನ ಬಸ್ಸು ಹತ್ತಿದರು.

ಮಂಟಪದ ತೋಟದಲ್ಲಿ ಗುಂಡಿ ತೋಡುತ್ತಿದ್ದ ಲೋಹಿತ ಮಣ್ಣುಗೈಯಲ್ಲೇ ಎದ್ದು ನಿಂತ. ನೀಲಾ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಅವನ ಮುಖ ಬಾಡಿತು.

"ಯಾಕ ಹಂಗಾತು ಅಂತ ಒಂದ ಮಾತು ಕೇಳದ ಬೈದು ಬಂದೆ... ತಪ್ಪಾತ್ರಿ. ಇಲ್ಲೇ ನಮ್ಮ ಅಕ್ಕನ ಮನಿ ಐತಿ, ಇಬ್ಬರೂ ಇರ್ರಿ."

"ಕನಿಕರ ಬ್ಯಾಡ್ರಿ. ಕೆಲಸ ಕೊಡ್ರಿ. ಕಸಿ ಕಟ್ಟತೇನಿ."

"ಕೆಲಸ ಇವತ್ತಿಂದನ ಐತಿ. ಆದ್ರ..." ಅವನು ತಡವರಿಸಿದ. "ನಿಮ್ಮ ಮ್ಯಾಲೆ ನನಗ ಮನಸೈತ್ರಿ. ಅದಕ್ಕೂ ಕೆಲಸಕ್ಕೂ ಸಂಬಂಧ ಇಲ್ಲ. ಸಾವಕಾಶ ಉತ್ತರ ಹೇಳ್ರಿ."

ನೀಲಾಳ ಕಣ್ಣು ತುಂಬಿ ಬಂತು.

"ಸಾವಕಾಶ ಯಾಕ್ರಿ? ನನಗೂ ಐತಿ!"

"ಏನಂದ್ರಿ? ಇನ್ನೊಮ್ಮೆ ಹೇಳ್ರಿ..."

"ಅವ್ವ ಕೇಳಾಕತ್ತಾಳ್ರಿ!"

ಸಿದ್ದವ್ವ ಅತ್ತ ಮುಖ ತಿರುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನಗೇನೂ ಕೇಳಸವಲ್ದು. ಹೇಳವ್ವ, ಹೇಳು."