ಜೇನಜ್ಜಿಯ ಆರು ಪೆಟ್ಟಿಗೆಗಳು

ಬೆಳಗಾಗುವಷ್ಟರಲ್ಲಿ ಜೇನಜ್ಜಿಯ ಆರು ಜೇನುಪೆಟ್ಟಿಗೆಗಳೂ ಮಾಯವಾಗಿದ್ದವು. ಅವುಗಳನ್ನಿಟ್ಟಿದ್ದ ಕಲ್ಲುಗಳ ಬುಡದಲ್ಲಿ ಒಂದು ಹಿಡಿ ಸತ್ತ ಜೇನುನೊಣ ಉಳಿದಿತ್ತು. ಸುತ್ತಲಿನ ಎಷ್ಟೋ ಗೂಡುಗಳು ರೋಗಕ್ಕೆ ಬರಿದಾದರೂ ಜಗ್ಗದ ತಳಿ ಅದು. ಮುದುಕಿ ಅರ್ಧ ಆಯುಷ್ಯ ಅದಕ್ಕೇ ಸುರಿದಿದ್ದಳು.

ತನಿಖೆಗೆ ಬಂದ ಮಹಿಳಾ ಇನ್‌ಸ್ಪೆಕ್ಟರ್ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಪಕ್ಕದ ತೋಟದವನು ಅಜ್ಜಿಯ ಹಳೆಯ ಶಿಷ್ಯ. ಈಗ ಇಬ್ಬರಿಗೂ ಮಾತಿಲ್ಲ. ಅವನ ಗೂಡಿನ ನೊಣ, ಈ ಸತ್ತ ನೊಣ ಎರಡನ್ನೂ ಪ್ರಯೋಗಾಲಯಕ್ಕೆ ಕಳಿಸಿದಳು. ಹೊಂದುತ್ತವೆ ಎಂದು ಉತ್ತರ ಬಂತು. ಮಾರುಕಟ್ಟೆಯ ನಟ್ಟನಡುವೆ ಅವನ ಕೊರಳಪಟ್ಟಿ ಹಿಡಿದು ಜೀಪಿಗೆ ತಳ್ಳಿದಳು.

"ನಾನು ಕದ್ದಿಲ್ಲ ಮೇಡಂ."

"ನೊಣಗಳೇ ಸಾಕ್ಷಿ ಹೇಳಿವೆ. ಸುಮ್ನೆ ಕೂತ್ಕೋ."

*

ವಾರದ ನಂತರ ಪ್ರಯೋಗಾಲಯದ ವಿಜ್ಞಾನಿ ಫೋನ್ ಮಾಡಿದರು. ದನಿ ಕುಗ್ಗಿತ್ತು.

"ಮೇಡಂ, ನಮ್ಮಿಂದ ತಪ್ಪಾಗಿದೆ. ನೊಣದ ಮೈಟೋಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತೆ. ಹಾಗಾಗಿ ಒಂದು ರಾಣಿಯ ಮಕ್ಕಳು ಮೊಮ್ಮಕ್ಕಳಿಗೆಲ್ಲ ಅದೇ ಇರುತ್ತೆ. ಅದರಲ್ಲೊಂದು ಕಡೆ ಒಂದೇ ಸಾಲು ಪದೇಪದೇ ಬರುತ್ತೆ. ನಾವು ಚಿಕ್ಕಚಿಕ್ಕ ತುಂಡು ಓದಿ ಜೋಡಿಸಿದ್ವಿ. ಸಾಲು ಎಷ್ಟು ಸಲ ಬಂತು ಅಂತ ತಿಳೀಲಿಲ್ಲ. ಹಾಗಾಗಿ ಎರಡೂ ಒಂದೇ ಥರ ಕಂಡ್ವು."

"ಈಗ?"

"ಪೂರ್ತಿ ಎಳೆಯನ್ನ ಒಂದೇ ಉಸಿರಿಗೆ ಓದಿದ್ವಿ. ಅಜ್ಜಿಯ ನೊಣದಲ್ಲಿ ಏಳು ಸಲ. ಅವನದರಲ್ಲಿ ನಾಲ್ಕೇ. ಆ ಗೂಡುಗಳು ಅವನವೇ."

ಅವಳು ಫೋನಿಟ್ಟು ಚೆಕ್‌ಪೋಸ್ಟಿಗೆ ಹೊರಟಳು.

*

ಊರಿನಿಂದ ಹೊರಹೋಗಲು ಇದ್ದದ್ದು ಒಂದೇ ರಸ್ತೆ. ಚೆಕ್‌ಪೋಸ್ಟಿನ ಪೇದೆ ನೆಲ ನೋಡುತ್ತ ನಿಂತ.

"ಕಳ್ಳತನ ಆದ ರಾತ್ರಿ ಯಾವ ಗಾಡಿಯನ್ನ ತಪಾಸಣೆ ಮಾಡದೆ ಬಿಟ್ಟೆ?"

"ನಮ್ಮ ಜೀಪೊಂದೇ ಮೇಡಂ. ನಿಮ್ಮ ತಮ್ಮ ಓಡಿಸ್ತಿದ್ರು. ಹಿಂದೆ ಟಾರ್ಪಾಲ್ ಹೊದಿಸಿತ್ತು. ನಾನು ಸಲ್ಯೂಟ್ ಹೊಡೆದೆ."

ಗೊಬ್ಬರ ಸಾಗಿಸಬೇಕು ಎಂದಿದ್ದ ತಮ್ಮ. ಇಲಾಖೆಯ ಜೀಪು ಕೊಡಬಾರದೆಂದು ಗೊತ್ತಿದ್ದೂ ಕೀಲಿ ಕೊಟ್ಟವಳು ಅವಳೇ.

*

ತಮ್ಮನ ತೋಟದಲ್ಲಿ ಹೊಸ ಬಣ್ಣದ ಪೆಟ್ಟಿಗೆಗಳು ಗುಂಯ್ಗುಡುತ್ತಿದ್ದವು. ಅವನ ಹಳೆಯ ಗೂಡುಗಳೆಲ್ಲ ರೋಗಕ್ಕೆ ಬರಿದಾಗಿದ್ದವು. ಅಲ್ಲಿನ ನೊಣಗಳ ಡಿಎನ್‌ಎ ಓದಿಸಿದಾಗ ಆ ಸಾಲು ಅಜ್ಜಿಯ ನೊಣದಂತೆ ಏಳು ಸಲ ಬಂತು.

"ನೀನು ಪೆಟ್ಟಿಗೆ ಬದಲಾಯಿಸಿದೆ. ರಾಣಿನ ಬದಲಾಯಿಸೋಕಾಗ್ಲಿಲ್ಲ," ಎಂದಳು.

"ಒಂದು ರಾಣಿ ಕೊಡಿ ಅಂತ ಎಷ್ಟು ಬೇಡಿದೆ ಗೊತ್ತಾ ಅಕ್ಕ? ಅಜ್ಜಿ ಕೊಡ್ಲಿಲ್ಲ." ಅವನು ಅಕ್ಕನ ಕೈ ಹಿಡಿದ. "ಒಂದೇ ತಾಯಿ ಹೊಟ್ಟೆಯಲ್ಲಿ ಹುಟ್ಟಿದೋರು ನಾವು. ಅಮ್ಮಂಗೆ ಏನು ಹೇಳ್ತೀಯ?"

"ಇದ್ದದ್ದನ್ನ ಹೇಳ್ತೀನಿ. ಜೀಪು ಕೊಟ್ಟದ್ದನ್ನೂ ಹೇಳ್ತೀನಿ. ನಡಿ."

*

ಶಿಷ್ಯನನ್ನು ಮನೆಗೆ ತಾನೇ ಕರೆದೊಯ್ದಳು. ಅವನು ನೆಟ್ಟಗೆ ಒಳಗೆ ಹೋದ. ಹೆಂಡತಿ ಬಾಗಿಲಲ್ಲೇ ನಿಂತಳು, ಬನ್ನಿ ಎನ್ನಲಿಲ್ಲ.

"ತಪ್ಪು ನನ್ನದಮ್ಮ. ಕದ್ದವನು ನನ್ನ ತಮ್ಮ."

"ನಂಗ್ಯಾಕೆ ಹೇಳ್ತೀರಿ? ಅವರು ಕದ್ದಿಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು." ಆಕೆ ಬೀದಿಯತ್ತ ಕೈ ತೋರಿಸಿದಳು. "ಅಲ್ಲಿ ನಿಂತಿದ್ದಾರಲ್ಲ, ಅವರಿಗೆ ಹೇಳಿ."

ಜೀಪಿನ ಸದ್ದಿಗೆ ಅಕ್ಕಪಕ್ಕದವರೆಲ್ಲ ಹೊರಬಂದಿದ್ದರು. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಳು. ಬೀದಿಗೆ ಇಳಿದಳು. ತಪ್ಪು ತನ್ನದೆಂದು ಸಣ್ಣ ದನಿಯಲ್ಲಿ ಶುರುಮಾಡಿದಳು. ಹಿಂದಿದ್ದವರಿಗೆ ಕೇಳಿಸಲಿಲ್ಲವೆಂದು ಯಾರೋ ಅಂದರು. ಅವಳು ದನಿಯೆತ್ತಿ ಮತ್ತೆ ಮೊದಲಿನಿಂದ ಹೇಳತೊಡಗಿದಳು.