ಬರ್ತೀನಿ

ಇದನ್ನು ಹೇಳುವಾಗ ಭಯಕ್ಕಿಂತ ನನಗೆ ನಾಚಿಕೆಯೇ ಹೆಚ್ಚು.

ಬಸವೇಶ್ವರನಗರದ ಒಂದು ಔಷಧ ವಿತರಕರ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಮೊದಲು ಆ ಕೆಲಸದಲ್ಲಿದ್ದ ವಿಶ್ವಾರಾಧ್ಯರು ಹೋದ ವರ್ಷ ತೀರಿಕೊಂಡರು. ಅವರ ಹೆಂಡತಿ ಕಲ್ಯಾಣಮ್ಮ ಅಲ್ಲೇ ಬಿಲ್ಲಿಂಗ್‌ನಲ್ಲಿದ್ದಾರೆ.

ಮೊನ್ನೆ, ಎಲ್ಲರ ಲಾಗಿನ್ ಕಾಯುವ ಡೊಮೇನ್ ಕಂಟ್ರೋಲರ್ ಕೆಟ್ಟಿತು. ಹೊಸದರಲ್ಲಿ ಸಿಬ್ಬಂದಿಯ ಹೆಸರುಗಳನ್ನು ಮೊದಲಿನಿಂದ ಸೇರಿಸುತ್ತಾ, ವಿಶ್ವಾರಾಧ್ಯರ ಹೆಸರು ಬಿಟ್ಟು, ಗೆಳೆಯ ಗಿರಿರಾಜನಿಗೆ, "ಸತ್ತೋರಿಗೆ ಲಾಗಿನ್ ಯಾಕೆ ಗುರು, ಅಲ್ಲಿ ನೆಟ್‌ವರ್ಕ್ ಸಿಗುತ್ತಾ?" ಎಂದು ನಕ್ಕೆ. ಕಲ್ಯಾಣಮ್ಮ ಹಿಂದೆಯೇ ನಿಂತಿದ್ದರು. ಭೂಮಿ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು.

ಬಿಲ್ಲಿಂಗ್ ಸರ್ವರನ್ನು ಡೊಮೇನ್‌ಗೆ, ಅಂದರೆ ಆಫೀಸಿನ ಜಾಲಕ್ಕೆ, ಮತ್ತೆ ಸೇರಿಸುವುದೊಂದು ಉಳಿದಿತ್ತು. ನನ್ನ ಹೆಸರು, ಪಾಸ್‌ವರ್ಡ್ ಕೊಟ್ಟೆ. ಒಪ್ಪಲಿಲ್ಲ. ಮತ್ತೆ ಕೊಟ್ಟರೂ ಒಪ್ಪಲಿಲ್ಲ. ಸರ್ವರ್ ಕೋಣೆಯ ಏಸಿ ಚಳಿಯಲ್ಲೂ ಕೀಬೋರ್ಡ್ ಬೆಚ್ಚಗಿತ್ತು, ಯಾರೋ ಆಗಷ್ಟೇ ಬೆರಳು ತೆಗೆದ ಹಾಗೆ. ಎಲ್ಲಿಂದಲೋ ವಿಭೂತಿಯ ವಾಸನೆ.

ಕಲ್ಯಾಣಮ್ಮ ಬಾಗಿಲಲ್ಲೇ ನಿಂತು ಹೇಳಿದರು: "ಅವರ ಹೆಸರು ಹಾಕಿ ನೋಡಿ ಸಾರ್. ಪಾಸ್‌ವರ್ಡ್ 'ಬರ್ತೀನಿ' ಅಂತ. ಮನೆಯಿಂದ ಹೊರಡೋವಾಗ ದಿನಾ ಹೇಳ್ತಿದ್ದ ಮಾತು. ಆಸ್ಪತ್ರೆಗೆ ಹೋಗೋವಾಗ್ಲೂ ಹೇಳಿದ್ರು."

ಆ ಹೆಸರನ್ನು ನಾನು ಸೇರಿಸಿಯೇ ಇರಲಿಲ್ಲ. ಅದನ್ನು ಅವರ ಮುಂದೆ ಎರಡನೇ ಸಲ ಹೇಳಲು ಮುಖವಿಲ್ಲದೆ ಸುಮ್ಮನೆ ಟೈಪ್ ಮಾಡಿದೆ.

'ಡೊಮೇನ್‌ಗೆ ಸ್ವಾಗತ' ಎಂದಿತು ಪರದೆ.

ಕಂಟ್ರೋಲರ್‌ನಲ್ಲಿ ಹುಡುಕಿದೆ. ಆ ಹೆಸರು ಅಲ್ಲಿರಲಿಲ್ಲ. ಇವತ್ತಿಗೂ ಇಲ್ಲ.

ತಲೆ ಎತ್ತಲು ನಾಚಿಕೆಯಾಯಿತು. ಆದರೆ ಕಲ್ಯಾಣಮ್ಮ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಪಕ್ಕದ ಖಾಲಿ ಕುರ್ಚಿಯತ್ತ ತಿರುಗಿ ಮೆಲ್ಲಗೆ ಕೇಳಿದರು:

"ಬಂದ್ರಾ?"